ಶಾಲೆಯ ಸಂಗೀತ ಶಿಕ್ಷಕಿಯಾಗಲು ಏನು ಓದಬೇಕು?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನವಳು. ಈ ವರ್ಷ ಕಲಾ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಅಪ್ಪ ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುತ್ತಾರೆ. ನಾನು ಆರನೇ ತರಗತಿಯಿಂದ ಗುರುಗಳ ಹತ್ತಿರ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ, ಗಾಂಧರ್ವ ಮಹಾವಿದ್ಯಾಲಯದ ಮಧ್ಯಮಾ ಪೂರ್ಣ ಪರೀಕ್ಷೆ ಪಾಸಾಗಿದೆ. ಶಾಲೆಯಲ್ಲಿ ಸಂಗೀತ ಶಿಕ್ಷಕಿಯಾಗಬೇಕೆಂಬ ಆಸೆ. ಮನೆಯಲ್ಲಿ ‘ಎಲ್ಲರಂಗ ಬಿ.ಎ., ಬಿ.ಇಡಿ ಮಾಡು’ ಅಂತಾರೆ. ಗುರುಗಳು ‘ವಿಶಾರದ ಮುಗಿಸು, ಕಾಲೇಜಿನಲ್ಲಿ ಕಾಲ ಕಳೀಬೇಡ’ ಅಂತಾರೆ. ಯಾರ ಮಾತು ಕೇಳಲಿ? ಈ ಕೆಲಸ ನಂಬಿ ಬದುಕಬಹುದೇ?

ಉತ್ತರ: ತಂಗಿ, ಮನೆಯವರ ಮಾತು ಅರ್ಧ ಸರಿ, ಗುರುಗಳ ಮಾತೂ ಅರ್ಧ ಸರಿ. ನಿಮಗೆ ಎರಡೂ ಬೇಕು. ಸಂಗೀತವನ್ನು ಒಂದು ಐಚ್ಛಿಕ ವಿಷಯವಾಗಿ, ಕನ್ನಡವನ್ನು ಇನ್ನೊಂದಾಗಿ ತೆಗೆದುಕೊಂಡು ಬಿ.ಎ. ಮಾಡಿ. ಅದರ ಜೊತೆಜೊತೆಗೇ ಗುರುಗಳ ಹತ್ತಿರ ವಿಶಾರದ ಮುಗಿಸಿ. ಆಮೇಲೆ ಬಿ.ಇಡಿ ಮಾಡಿ. ಇವಿಷ್ಟರಲ್ಲೂ ಪೂರ್ತಿ ಸಿಗದ ಇನ್ನೊಂದು ವಿದ್ಯೆ ಇದೆ, ಐವತ್ತು ಮಕ್ಕಳನ್ನು ಒಟ್ಟಿಗೆ ಹಾಡಿಸುವ ವಿದ್ಯೆ. ಅದನ್ನು ಪದವಿಯ ಮೊದಲ ವರ್ಷದಿಂದಲೇ ಯಾವುದಾದರೂ ಶಾಲೆಗೆ ಹೋಗಿ ಕಲಿಯಲು ಶುರುಮಾಡಿ. ನಾನು ಬಳ್ಳಾರಿಯಲ್ಲಿ ಮೊದಲು ಶಾಲಾ ಮಕ್ಕಳಿಗೆ, ಈಗ ಪದವಿ ವಿದ್ಯಾರ್ಥಿಗಳಿಗೆ ಸಂಗೀತ ಕಲಿಸುತ್ತ ಬಂದವನು. ಚೆನ್ನಾಗಿ ಹಾಡುವ ಎಷ್ಟೋ ಮಕ್ಕಳು ಪದವಿ ಹಿಡಿದು ತರಗತಿಗೆ ಹೋಗಿ ಮೊದಲ ವಾರದಲ್ಲೇ ಕಂಗಾಲಾದದ್ದನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಗುರುಗಳ ಮಾತು. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯಲ್ಲಿ ನಡೆದುಬಂದ ಪರೀಕ್ಷೆಗಳು ಇವು. ಪ್ರಾರಂಭಿಕದಿಂದ ವಿಶಾರದ ಪೂರ್ಣದವರೆಗೆ ಏಳು ಮೆಟ್ಟಿಲು, ಅದರ ಮೇಲೆ ಅಲಂಕಾರ. ನೀವು ಐದು ಹತ್ತಿದ್ದೀರಿ, ವಿಶಾರದಕ್ಕೆ ಇನ್ನೆರಡು ಉಳಿದಿವೆ. ಇಷ್ಟು ಹತ್ತಿರ ಬಂದು ಬಿಡಬೇಡಿ. ಕಂಠ ಪಳಗುವುದು, ರಾಗ ಮೈಗೂಡುವುದು ಗುರುವಿನ ಎದುರು ಕೂತಾಗಲೇ. ಕಾಲೇಜಿನ ವೇಳಾಪಟ್ಟಿಯಲ್ಲಿ ಅಷ್ಟು ಬಿಡುವು ಇರುವುದಿಲ್ಲ. ಆದರೆ ವಿಶಾರದ ಎಲ್ಲ ಕಡೆಯೂ ಪದವಿಯಾಗಿ ನಡೆಯುವುದಿಲ್ಲ. ಜವಾಹರ ನವೋದಯ ವಿದ್ಯಾಲಯದವರು ಹಿಂದಿನ ನೇಮಕಾತಿಗಳಲ್ಲಿ ಪಿಯುಸಿ ಜೊತೆ ವಿಶಾರದ ಮಾಡಿದವರಿಗೆ ಸಂಗೀತ ಶಿಕ್ಷಕರ ಹುದ್ದೆಗೆ ಅವಕಾಶ ಕೊಟ್ಟಿದ್ದಾರೆ. ಕೇಂದ್ರೀಯ ವಿದ್ಯಾಲಯದವರು 2022ರಲ್ಲಿ ಪ್ರಾಥಮಿಕ ವಿಭಾಗದ ಸಂಗೀತ ಶಿಕ್ಷಕರನ್ನು ಕರೆದಾಗ, ಪಿಯುಸಿಯಲ್ಲಿ ಶೇ 50 ಅಂಕ ಮತ್ತು ಮಾನ್ಯ ವಿಶ್ವವಿದ್ಯಾಲಯದಿಂದ ಸಂಗೀತದಲ್ಲಿ ಪದವಿ ಅಥವಾ ತತ್ಸಮಾನ ಅರ್ಹತೆ ಕೇಳಿದ್ದರು. ‘ತತ್ಸಮಾನ’ ಅನ್ನುವುದನ್ನು ಯಾರು, ಯಾವ ಆದೇಶದ ಮೇಲೆ ಒಪ್ಪುತ್ತಾರೆ ಅನ್ನುವ ಜಗ್ಗಾಟದಲ್ಲಿ ಅರ್ಜಿ ಬಿದ್ದುಹೋದ ಹುಡುಗರಿದ್ದಾರೆ. ಇನ್ನು ಬಿ.ಇಡಿಗಂತೂ ವಿಶಾರದ ತೋರಿಸಿ ಸೇರಲು ಬರುವುದಿಲ್ಲ, ವಿಶ್ವವಿದ್ಯಾಲಯದ ಪದವಿಯೇ ಬೇಕು. ಅಂದಮೇಲೆ ವಿಶಾರದ ಒಂದನ್ನೇ ನೆಚ್ಚಿ ಕೂರುವುದು ನಿಮ್ಮ ವಯಸ್ಸಿಗೆ ಸರಿಯಾದ ಲೆಕ್ಕ ಅಲ್ಲ.

ಹಾಗಾದರೆ ಬಿ.ಮ್ಯೂಸಿಕ್ ಯಾಕೆ ಬೇಡ, ಬಿ.ಎ. ಯಾಕೆ? ಬಿ.ಮ್ಯೂಸಿಕ್‌ನಲ್ಲಿ ಸಂಗೀತದ ಆಳ ಹೆಚ್ಚು, ಪ್ರಾಯೋಗಿಕ ತರಗತಿ ಹೆಚ್ಚು. ವೇದಿಕೆಯ ಕಲಾವಿದೆಯೇ ಆಗುವ ಹಟವಿದ್ದರೆ ಅಥವಾ ಮುಂದೆ ಎಂ.ಮ್ಯೂಸಿಕ್ ಮಾಡಿ, ಶೇ 55 ಅಂಕ ತೆಗೆದು, ಎನ್‌ಇಟಿ ಪಾಸಾಗಿ ಕಾಲೇಜಿನಲ್ಲಿ ಪಾಠ ಮಾಡುವ ಗುರಿಯಿದ್ದರೆ ಅದೇ ಒಳ್ಳೆಯದು. ನೀವು ಕೇಳಿದ್ದು ಶಾಲೆಯ ವಿಷಯ. ನಮ್ಮ ಕಡೆಯ ಬಿ.ಇಡಿ ಕಾಲೇಜುಗಳಲ್ಲಿ ಬೋಧನಾ ವಿಧಾನ ಅಂತ ಕಲಿಸುವುದು ಮುಖ್ಯವಾಗಿ ಕನ್ನಡ, ಇಂಗ್ಲಿಷ್, ಸಮಾಜ ವಿಜ್ಞಾನ, ಗಣಿತ, ವಿಜ್ಞಾನ. ಪದವಿಯಲ್ಲಿ ಬರೀ ಸಂಗೀತ ಓದಿದವರಿಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಅದೇ ಬಿ.ಎ.ಯಲ್ಲಿ ಸಂಗೀತ, ಕನ್ನಡ, ಇತಿಹಾಸ ಓದಿದ್ದರೆ ಕನ್ನಡ ಮತ್ತು ಸಮಾಜ ವಿಜ್ಞಾನದ ವಿಧಾನಗಳನ್ನು ಆರಿಸಿಕೊಂಡು ಬಿ.ಇಡಿ ಮಾಡಬಹುದು. ಆಗ ನೀವು ಸಂಗೀತ ಶಿಕ್ಷಕಿಯ ಹುದ್ದೆಗೂ ಅರ್ಜಿ ಹಾಕಬಹುದು, ಕನ್ನಡ ಶಿಕ್ಷಕಿಯ ಹುದ್ದೆಗೂ ಹಾಕಬಹುದು. ಹಾಡಲು ಬರುವ ಕನ್ನಡ ಶಿಕ್ಷಕಿ ಬಂದಳೆಂದರೆ ನಮ್ಮ ಹಳ್ಳಿ ಶಾಲೆಗಳ ಮುಖ್ಯ ಗುರುಗಳು ಎಷ್ಟು ಖುಷಿಪಡುತ್ತಾರೆ ಅನ್ನುವುದನ್ನು ನೋಡಿಯೇ ತಿಳಿಯಬೇಕು. ಪಠ್ಯದ ವಚನ, ಕೀರ್ತನೆ, ರಗಳೆ, ಷಟ್ಪದಿ ಎಲ್ಲವೂ ಅವಳ ಬಾಯಲ್ಲಿ ಹಾಡಾಗುತ್ತವೆ. ನಮ್ಮ ರಾಜ್ಯದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಮೂರು ವಿಷಯ ಸಮಸಮ ಓದುವ ಹಳೆಯ ಪದ್ಧತಿಯೂ ಮರಳಿದೆ. ನಿಮ್ಮಂಥವರಿಗೆ ಇದು ಅನುಕೂಲವೇ ಆಯಿತು.

ಕಾಲೇಜು ಹುಡುಕುವಾಗ ಮೋಸಹೋಗಬೇಡಿ. ಸೀಟು ಪಟ್ಟಿಯಲ್ಲಿ ‘ಸಂಗೀತ’ ಅಂತ ಅಚ್ಚಾಗಿದ್ದ ಮಾತ್ರಕ್ಕೆ ಅಲ್ಲಿ ಸಂಗೀತ ನಡೆಯುತ್ತಿದೆ ಅಂತ ಅರ್ಥವಲ್ಲ. ಪದವಿ ಪ್ರವೇಶದ ಜಾಲತಾಣ ಯುಯುಸಿಎಂಎಸ್‌ನಲ್ಲಿ ಅರ್ಜಿ ತುಂಬುವ ಮೊದಲು ಒಂದು ದಿನ ಕಾಲೇಜಿಗೇ ಹೋಗಿ. ಹೋದ ವರ್ಷ ಸಂಗೀತಕ್ಕೆ ಎಷ್ಟು ಮಂದಿ ಇದ್ದರು, ಕಲಿಸುವವರು ಕಾಯಂ ಇದ್ದಾರೋ ಅತಿಥಿ ಉಪನ್ಯಾಸಕರೋ, ತಬಲಾ ಸಾಥಿಗೆ ಯಾರಾದರೂ ಬರುತ್ತಾರೋ ಕೇಳಿ. ಸಂಗೀತದ ಕೋಣೆ ತೆಗೆಸಿ ನೋಡಿ. ತಂಬೂರಿಗೆ ತಂತಿ ಇದೆಯೇ, ಹಾರ್ಮೋನಿಯಂ ಮೇಲೆ ಧೂಳು ಎಷ್ಟಿದೆ, ನೋಡಿದರೆ ಗೊತ್ತಾಗುತ್ತದೆ. ಅಲ್ಲೇ ಓದುತ್ತಿರುವ ಇಬ್ಬರು ಹುಡುಗಿಯರನ್ನು ಮಾತಾಡಿಸಿ. ಅವರು ಈ ತಿಂಗಳು ಕಲಿತ ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಯಾವುದು ಅಂತ ಕೇಳಿ. ತಟ್ಟನೆ ಹಾಡಿ ತೋರಿಸಿದರೆ ಆ ಕಾಲೇಜು ಸೇರಬಹುದು.

ಜಿಲ್ಲೆಯಲ್ಲಿ ಅಂಥದ್ದು ಸಿಗದಿದ್ದರೆ ಹೊರಗೆ ಹೋಗಲು ಹಿಂಜರಿಯಬೇಡಿ. ಕೊಪ್ಪಳ ದಾಟಿದರೆ ಗದಗ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ, ಅದರ ಆಶ್ರಯದಲ್ಲಿ ಸಂಗೀತ ಕಾಲೇಜೂ ಇದೆ. ಇಬ್ಬರೂ ಗುರುಗಳಿಗೆ ಕಣ್ಣಿರಲಿಲ್ಲ. ಅವರ ಕೈಯಲ್ಲಿ ಕಲಿತ ಅಂಧ ಮಕ್ಕಳು, ಬಡ ಮಕ್ಕಳು ಇವತ್ತು ಕಲ್ಯಾಣ ಕರ್ನಾಟಕದ ಊರೂರಲ್ಲಿ ಸಂಗೀತ ಕಲಿಸುತ್ತಿದ್ದಾರೆ. ನಿಮ್ಮ ಗುರುಗಳ ಗುರುಗಳನ್ನು ಕೇಳಿ ನೋಡಿ, ಪರಂಪರೆ ಅಲ್ಲಿಗೇ ಹೋಗಿ ಮುಟ್ಟಿದರೆ ಆಶ್ಚರ್ಯವಿಲ್ಲ. ಗದಗಿನಿಂದ ಮುಂದೆ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿದೆ. ಹಿಂದೂಸ್ತಾನಿ ಕಲಿಯುವವರಿಗೆ ಧಾರವಾಡಕ್ಕಿಂತ ಒಳ್ಳೆಯ ಊರು ಕರ್ನಾಟಕದಲ್ಲಿ ಇಲ್ಲ ಅನ್ನುವುದು ನನ್ನ ಅಭಿಪ್ರಾಯ, ಕಾಲೇಜಿನ ಪಾಠದಷ್ಟೇ ಸಂಜೆಯ ಸಂಗೀತ ಬೈಠಕ್ಕುಗಳೂ ಕಲಿಸುತ್ತವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವಿದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಎಲ್ಲಿ ಸೇರಿದರೂ ಆ ವರ್ಷ ನಡೆಯುವ ಕೋರ್ಸು ಯಾವುದು, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಅನ್ನುವುದನ್ನು ಬರಹದಲ್ಲಿ ನೋಡಿಕೊಂಡು ಹಣ ಕಟ್ಟಿ.

ಈಗ ಶಾಲೆಯ ಪಾಠಕ್ಕೆ ಬರೋಣ. ಪದವಿಯ ಪಠ್ಯದಲ್ಲಿ ಭಾತಖಂಡೆಯವರ ಹತ್ತು ಥಾಟ್ (ರಾಗಗಳ ವಿಂಗಡಣೆ), ಸ್ವರಲಿಪಿ, ರಾಗಲಕ್ಷಣ, ವಿಲಂಬಿತ ಖ್ಯಾಲು ಎಲ್ಲ ಬರುತ್ತವೆ. ಹತ್ತು ವರ್ಷದ ಮಗುವಿನ ಕಂಠ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಪಾಠ ಮಾತ್ರ ಬಹುಮಟ್ಟಿಗೆ ಬರುವುದಿಲ್ಲ. ತರಗತಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾಗುವುದು ಅದೇ.

ಸಿರುಗುಪ್ಪದ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ನಮ್ಮ ಪದವಿ ವಿದ್ಯಾರ್ಥಿನಿಯೊಬ್ಬಳು ಅಭ್ಯಾಸ ಪಾಠಕ್ಕೆ ಹೋಗಿದ್ದಳು. ಐದನೇ ತರಗತಿ. ಹುಡುಗಿಯದು ಸೊಗಸಾದ ಕಂಠ, ಕರಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕರಿ ಮನೆಯನ್ನು ‘ಸ’ ಮಾಡಿಕೊಂಡು ಹಾಡುವವಳು. ಅದೇ ಶ್ರುತಿಯಲ್ಲಿ ಹಾರ್ಮೋನಿಯಂ ಹಿಡಿದು ದಾಸರ ಪದ ಎತ್ತಿಕೊಂಡಳು. ಮುಂದಿನ ಸಾಲಿನ ನಾಲ್ಕೈದು ಮಕ್ಕಳು ಹೇಗೋ ಹಿಂಬಾಲಿಸಿದರು. ಹಿಂದಿನವರು ಗಂಟಲು ಒತ್ತಿ ಗೊರಗೊರ ಅನ್ನತೊಡಗಿದರು. ‘ಸರ್, ಈ ಊರ ಹುಡುಗರಿಗೆ ಶ್ರುತೀನೇ ಇಲ್ಲರೀ’ ಅಂದಳು ಹೊರಗೆ ಬಂದು. ಮಕ್ಕಳಿಗೆ ಶ್ರುತಿ ಇತ್ತು, ಅವಳ ಷಡ್ಜ, ಅಂದರೆ ‘ಸ’, ಅವರ ಕಂಠದ ತಳಕ್ಕಿಂತ ಕೆಳಗಿತ್ತು, ಅಷ್ಟೆ. ಪಲ್ಲವಿಯಲ್ಲಿ ಮಂದ್ರ (ಕೆಳಗಿನ ಸಪ್ತಕದ) ಪಂಚಮದವರೆಗೆ ಇಳಿಯುವ ಸಾಲು ಬೇರೆ. ಮರುದಿನ ಅದೇ ಪದವನ್ನು ಬಿಳಿ ಎರಡಕ್ಕೆ ಎತ್ತಿಸಿದೆ. ಮಧ್ಯ ಷಡ್ಜದಿಂದ ಮೇಲಿನ ತಾರ ಷಡ್ಜದವರೆಗಿನ ಸಾಲುಗಳು ತಗಡಿನ ಚಾವಣಿ ಹಾರಿಹೋಗುವ ಹಾಗೆ ಬಂದವು. ಮಂದ್ರಕ್ಕೆ ಇಳಿಯುವ ಸಾಲನ್ನು ಕೈಬಿಟ್ಟು ಮಧ್ಯ ಸಪ್ತಕದಲ್ಲೇ ಮುಗಿಯುವ ಧಾಟಿಗೆ ತಿರುಗಿಸಿದೆವು.

ಇದನ್ನು ಗಟ್ಟಿಯಾಗಿ ನೆನಪಿಡಿ. ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಷಡ್ಜ ಬಿಳಿ ಒಂದರಿಂದ ಬಿಳಿ ಎರಡರ ನಡುವೆ ಇದ್ದರೆ ಒಂದು ಸಪ್ತಕ ಆರಾಮಾಗಿ ಹಾಡುತ್ತಾರೆ. ಶಿಕ್ಷಕಿಯರು ತಾವು ಸಂಗೀತ ಕಚೇರಿಯಲ್ಲಿ ಹಾಡುವ ಶ್ರುತಿ ಬಿಟ್ಟು ಮೇಲಕ್ಕೆ ಹೋಗಬೇಕು. ಅಲ್ಲಿ ನಿಮಗೆ ತಾರ ಷಡ್ಜದಾಚೆ ಕಷ್ಟವಾದರೆ ಅಷ್ಟು ಮೇಲೆ ಹೋಗದ ಹಾಡನ್ನೇ ಆರಿಸಿ. ಗಂಡು ಶಿಕ್ಷಕರ ತೊಂದರೆ ಬೇರೆ. ಅವರ ಕರಿ ಒಂದು, ಬಿಳಿ ಎರಡು ಮಕ್ಕಳಿಗೂ ಹೊಂದುತ್ತದೆ, ಆದರೆ ಒಂದು ಸಪ್ತಕ ಕೆಳಗಿನಿಂದ ಕೇಳಿಬರುವ ದನಿಯನ್ನು ಚಿಕ್ಕ ಮಕ್ಕಳು ಹಾಗೇ ಅನುಕರಿಸಲು ಹೋಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ಅಂಥವರು ಹಾರ್ಮೋನಿಯಂನ ಮೇಲಿನ ಸಪ್ತಕ ನುಡಿಸಬೇಕು, ಇಲ್ಲವೇ ಶ್ರುತಿ ಹಿಡಿದ ಒಂದು ಮಗುವನ್ನು ಎದುರಿಗೆ ನಿಲ್ಲಿಸಿ ಆ ಮಗುವಿನ ದನಿಯಲ್ಲೇ ಉಳಿದವರಿಗೆ ಕೇಳಿಸಬೇಕು. ಎಂಟು, ಒಂಬತ್ತನೇ ತರಗತಿಗೆ ಬಂದರೆ ಗಂಡುಮಕ್ಕಳ ಕಂಠ ಒಡೆಯುತ್ತಿರುತ್ತದೆ. ನಿನ್ನೆ ಮೇಲೆ ಹಾಡಿದವನು ಇವತ್ತು ಹಾಡಲಾರ. ನಕ್ಕು ಅವಮಾನ ಮಾಡಿದರೆ ಅವನು ಜೀವಮಾನವಿಡೀ ಹಾಡುವುದಿಲ್ಲ. ಅವನ ಕೈಗೆ ತಾಳ ಕೊಡಿ, ತಮಟೆ ಕೊಡಿ, ಮೂರ್ನಾಲ್ಕು ಸ್ವರದೊಳಗಿನ ಸಾಲು ಕೊಡಿ, ಕಾಯಿರಿ.

ಶ್ರುತಿ ಸೇರದ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ. ಆಗಸ್ಟ್ ಹದಿನೈದರ ಗುಂಪುಗಾಯನಕ್ಕೆ ತಯಾರಿ ಮಾಡುವಾಗ ‘ನೀನು ಸುಮ್ಮನೆ ಬಾಯಿ ಆಡಿಸು’ ಅಂತ ಹೇಳುವ ಶಿಕ್ಷಕರನ್ನು ಕಂಡಿದ್ದೇನೆ. ದಯವಿಟ್ಟು ನೀವು ಹಾಗೆ ಯಾವತ್ತೂ ಹೇಳಬೇಡಿ. ಆ ಮಗುವನ್ನು ಹತ್ತಿರ ಕರೆದು, ಅದಕ್ಕೆ ಬಂದ ಹಾಗೆ ‘ಆ’ ಅನ್ನಲು ಹೇಳಿ. ಅದು ಎತ್ತಿದ ಸ್ವರವನ್ನು ನೀವೇ ಹುಡುಕಿ ಹಾರ್ಮೋನಿಯಂನಲ್ಲಿ ಹಿಡಿಯಿರಿ, ನೀವೂ ಅದೇ ಸ್ವರದಲ್ಲಿ ಹಾಡಿ. ಎರಡು ದನಿ ಕೂಡಿದಾಗ ಹೇಗೆ ಕೇಳಿಸುತ್ತದೆ ಅನ್ನುವುದು ಮಗುವಿಗೆ ಮೊದಲ ಬಾರಿ ಗೊತ್ತಾಗುತ್ತದೆ, ಅದರ ಮುಖದಲ್ಲೇ ಅದು ಕಾಣುತ್ತದೆ. ಅಲ್ಲಿಂದ ಒಂದೊಂದೇ ಸ್ವರ ಮೇಲಕ್ಕೆ ಕರೆದುಕೊಂಡು ಬನ್ನಿ. ಕೆಲವು ಮಕ್ಕಳಿಗೆ ವಾರ ಸಾಕು, ಕೆಲವರಿಗೆ ವರ್ಷ ಬೇಕು. ಬೆರಳೆಣಿಕೆಯಷ್ಟು ಮಕ್ಕಳು ಬಿಟ್ಟರೆ ಎಲ್ಲರೂ ಬರುತ್ತಾರೆ.

ಯಾವ ರಾಗದಿಂದ ಶುರು ಮಾಡಬೇಕು ಅನ್ನುವುದು ಬಳ್ಳಾರಿ, ರಾಯಚೂರು ಭಾಗದ ವಿದ್ಯಾರ್ಥಿಗಳು ಯಾವಾಗಲೂ ಕೇಳುವ ಪ್ರಶ್ನೆ. ನಮ್ಮದು ಗಡಿ ಸೀಮೆ. ಬಳ್ಳಾರಿ ಊರಲ್ಲಿ ತೆಲುಗಿನ ನಂಟಿನಿಂದ ಕರ್ನಾಟಕ ಸಂಗೀತ ಗಟ್ಟಿ, ರಾಯಚೂರು, ಕೊಪ್ಪಳದಲ್ಲಿ ಹಿಂದೂಸ್ತಾನಿ. ಕರ್ನಾಟಕ ಪದ್ಧತಿಯಲ್ಲಿ ಸರಳೆ ವರಸೆ, ಅಂದರೆ ಮೊದಲ ಸ್ವರಾಭ್ಯಾಸ, ಮಾಯಾಮಾಳವಗೌಳ ರಾಗದಲ್ಲಿ ನಡೆಯುತ್ತದೆ, ಹಿಂದೂಸ್ತಾನಿಯ ಲೆಕ್ಕದಲ್ಲಿ ಅದು ಭೈರವ ಥಾಟ್, ರಿಷಭ ಧೈವತ ಕೋಮಲ (ಅರ್ಧ ಸ್ವರ ಕೆಳಗೆ). ಹತ್ತು ಮಕ್ಕಳನ್ನು ತಂಬೂರಿಯ ಎದುರು ಕೂರಿಸಿಕೊಂಡು ವರ್ಷಗಟ್ಟಲೆ ಕಲಿಸುವ ಗುರುವಿಗೆ ಅದು ಸರಿಯಾದ ಆರಂಭ. ವಾರಕ್ಕೆ ಎರಡು ಪೀರಿಯಡ್ಡು, ಐವತ್ತು ಮಕ್ಕಳು, ಪಕ್ಕದ ಕೋಣೆಯಲ್ಲಿ ಮಗ್ಗಿ ಅನ್ನುವ ಶಾಲೆಯಲ್ಲಿ ಆ ಕೋಮಲ ಸ್ವರಗಳು ನಿಲ್ಲುವುದಿಲ್ಲ. ಅಲ್ಲಿ ಭೂಪಾಲಿಯಿಂದ ಶುರು ಮಾಡಿ, ಕರ್ನಾಟಕ ಪದ್ಧತಿಯವರು ಮೋಹನ ಅನ್ನಲಿ. ಮಧ್ಯಮ, ನಿಷಾದ ಇಲ್ಲದ ಐದು ಸ್ವರ. ಎಲ್ಲೂ ಅರ್ಧ ಸ್ವರದ ಅಂತರ ಇಲ್ಲವಾದ್ದರಿಂದ ಮಕ್ಕಳು ಜಾರುವುದು ಕಡಿಮೆ. ತಾಳಕ್ಕೂ ಹಾಗೆಯೇ. ಹದಿನಾರು ಮಾತ್ರೆಯ ತೀನತಾಲ ಆಮೇಲೆ ಬರಲಿ, ಮೊದಲು ಕೆಹರವಾದ ಎಂಟು, ದಾದರಾದ ಆರು ಮಾತ್ರೆಗಳನ್ನು ಕೈತಟ್ಟಿ, ಹೆಜ್ಜೆ ಹಾಕಿ, ಮೈಯಲ್ಲಿ ಕೂರಿಸಿ.

ನಲವತ್ತು ನಿಮಿಷವನ್ನು ಹೇಗೆ ಹಂಚುವುದು ಅಂತ ಕೇಳುತ್ತೀರಿ. ಹೊಸ ಸಾಲನ್ನು ಮಾತಿನಲ್ಲಿ ವಿವರಿಸಬೇಡಿ, ಹಾಡಿ. ನಾಲ್ಕು ಮಾತ್ರೆಯ ತುಂಡು ನೀವು ಹಾಡಿ, ಅವರು ತಿರುಗಿ ಹಾಡಲಿ. ಅವರು ಹಾಡುವಾಗ ನೀವು ಜೊತೆಗೆ ಹಾಡಬೇಡಿ, ಕಿವಿಗೊಡಿ. ಹೊಸಬರೆಲ್ಲ ಎಡವುವುದು ಇಲ್ಲೇ, ಮಕ್ಕಳ ಜೊತೆ ತಾವೂ ಜೋರಾಗಿ ಹಾಡುತ್ತಿರುತ್ತಾರೆ, ಯಾರು ತಪ್ಪಿದರು ಅನ್ನುವುದು ಅವರಿಗೆ ಕೇಳಿಸುವುದೇ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಗಂಟಲೂ ಹೋಗಿರುತ್ತದೆ. ಹಾರ್ಮೋನಿಯಂ ನೆಲದ ಮೇಲಿಟ್ಟು ಕೂತರೆ ಹಿಂದಿನ ಸಾಲು ಕಾಣುವುದಿಲ್ಲ. ಬೆಂಚಿನ ಮೇಲಿಟ್ಟು ನಿಂತು ನುಡಿಸಲು ಕಲಿಯಿರಿ. ಭಜನೆಯಲ್ಲಿ ಅಪ್ಪ ನುಡಿಸುವ ಹಾಗೆ ಹಾಡಿನ ಜೊತೆ ಪೂರ್ತಿ ನುಡಿಸುವ ಅಗತ್ಯ ಶಾಲೆಯಲ್ಲಿಲ್ಲ, ಷಡ್ಜ ಪಂಚಮ ಹಿಡಿದು ಬಿಟ್ಟರೆ ಮಕ್ಕಳ ಕಿವಿ ಚುರುಕಾಗುತ್ತದೆ.

ಬೆಳಗಿನ ಪ್ರಾರ್ಥನೆಯೂ ನಿಮ್ಮ ಹೆಗಲಿಗೇ ಬೀಳುತ್ತದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. 2022ರ ಸರ್ಕಾರಿ ಆದೇಶ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು, 2 ನಿಮಿಷ 30 ಸೆಕೆಂಡಿನ ಅವಧಿಯನ್ನು ಗೊತ್ತುಮಾಡಿತು. ರಾಷ್ಟ್ರಗೀತೆಗೆ 52 ಸೆಕೆಂಡು. ಗಡಿಯಾರ ಹಿಡಿದು ಯಾವುದಾದರೂ ಶಾಲೆಯ ಮೈದಾನದಲ್ಲಿ ನಿಂತು ನೋಡಿ, ಎರಡೂ ಎಷ್ಟು ಎಳೆದಾಡುತ್ತವೆ ಅಂತ. ಐನೂರು ಮಕ್ಕಳು ಒಂದೇ ಶ್ರುತಿಯಲ್ಲಿ, ಒಂದೇ ಲಯದಲ್ಲಿ ಇವೆರಡನ್ನು ಹಾಡಿದರೆ ಆ ಶಾಲೆಯಲ್ಲಿ ಸಂಗೀತ ಶಿಕ್ಷಕಿ ಇದ್ದಾಳೆ ಅಂತ ರಸ್ತೆಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಪ್ರತಿಭಾ ಕಾರಂಜಿಯ ಬಹುಮಾನ ಒಂದಿಬ್ಬರಿಗೆ ಸಿಗುತ್ತದೆ, ನನಗೆ ಬೆಳಗಿನ ಈ ಸಮೂಹಗಾನವೇ ದೊಡ್ಡದು.

ಹಾಡುಗಳನ್ನು ದೂರ ಹುಡುಕಬೇಡಿ. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ ನಿಮ್ಮ ಜಿಲ್ಲೆಯಲ್ಲೇ ಇವೆ. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಮನೆಮನೆಗೆ ಮುಟ್ಟಿಸಿದ ಸಿದ್ದರಾಮ ಜಂಬಲದಿನ್ನಿಯವರು ರಾಯಚೂರು ಸೀಮೆಯವರು, ಅವರ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ಮುದಗಲ್ ಮೊಹರಂನಲ್ಲಿ ಹಾಡುವ ರಿವಾಯತ್ ಪದಗಳು, ನಿಮ್ಮ ತಂದೆಯವರ ಮಂಡಳಿಯ ತತ್ವಪದಗಳು, ಬಳ್ಳಾರಿ, ಕೊಪ್ಪಳದ ಬಯಲಾಟದ ಪದಗಳು, ದರೋಜಿ ಈರಮ್ಮನವರು ಹಾಡುತ್ತಿದ್ದ ಬುರ್ರಕಥೆ, ಇವೆಲ್ಲ ಮಕ್ಕಳ ಕಿವಿಯಲ್ಲಿ ಆಗಲೇ ಇವೆ. ಅವುಗಳ ಸ್ವರಲಿಪಿ ಬರೆದಿಟ್ಟುಕೊಳ್ಳಿ. ಮಂದ್ರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ, ಕೋಮಲಕ್ಕೆ ಅಡಿಗೆರೆ ಹಾಕುವುದನ್ನು ಪರೀಕ್ಷೆಗಾಗಿ ಕಲಿತಿದ್ದೀರಲ್ಲ, ಅದರ ನಿಜವಾದ ಉಪಯೋಗ ಇಲ್ಲಿದೆ. ಪದವಿ ಮುಗಿಯುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ದಪ್ಪ ನೋಟ್‌ಬುಕ್ಕು ಇರಲಿ, ಪ್ರತಿ ಹಾಡಿನ ಪಕ್ಕದಲ್ಲಿ ಯಾವ ತರಗತಿಗೆ, ಯಾವ ಶ್ರುತಿಗೆ ಅಂತ ಬರೆದಿರಲಿ. ಸಂದರ್ಶನದಲ್ಲಿ ಪಾಠ ಮಾಡಿ ತೋರಿಸಿ ಅಂದಾಗ ಅದೇ ಕೈಹಿಡಿಯುತ್ತದೆ.

ಬಿ.ಇಡಿ ಎರಡು ವರ್ಷದ್ದು, ಅದರಲ್ಲಿ 20 ವಾರ ಶಾಲೆಯಲ್ಲಿ ಕಳೆಯಬೇಕು. ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಅನ್ನುವ ವಿಷಯವೂ ಇದೆ. ಬಹಳ ಕಡೆ ಅದನ್ನು ರೆಕಾರ್ಡ್ ಬರೆದು ಮುಗಿಸುತ್ತಾರೆ. ನೀವು ಹಾಗೆ ಮುಗಿಸಬೇಡಿ, ಸಂಗೀತ ಬಂದವರಿಗೆ ಅದು ಸಿಕ್ಕ ಅವಕಾಶ.

ಬದುಕಬಹುದೇ ಅಂತ ಕೇಳಿದ್ದೀರಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗೀತ ಶಿಕ್ಷಕರ ಹುದ್ದೆ ಇರುವ ಶಾಲೆಗಳೇ ಕಡಿಮೆ, ಅದಕ್ಕೆ ನೇಮಕಾತಿ ಕರೆಯುವುದೂ ಅಪರೂಪ. ಅದೊಂದನ್ನೇ ಕಾಯುತ್ತ ಕೂತರೆ ವಯಸ್ಸು ಮೀರುತ್ತದೆ. ಇದು ಅನ್ಯಾಯ ಅಂತಲೇ ನನ್ನ ಭಾವನೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, 2020ರ ಶಿಕ್ಷಣ ನೀತಿ, ಎಲ್ಲವೂ ಕಲಾ ಶಿಕ್ಷಣ ಬೇಕೇ ಬೇಕು ಅನ್ನುತ್ತವೆ, ಕಲಿಸುವವರ ಹುದ್ದೆ ಮಾತ್ರ ತುಂಬುವುದಿಲ್ಲ. ರಾಜ್ಯದ ಹುದ್ದೆ ಕರೆದಾಗ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಭಾಗದವರಿಗೆ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಮೀಸಲು ಇದೆ. ಆ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರವನ್ನು ಅಧಿಸೂಚನೆ ಬಂದಮೇಲೆ ಓಡಾಡಿ ಮಾಡಿಸುವ ಬದಲು ಈಗಲೇ ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದಿಡಿ.

ಹೆಚ್ಚು ಭರವಸೆ ಇರುವುದು ಕೇಂದ್ರದ ಶಾಲೆಗಳಲ್ಲಿ. 371ಜೆ ಅಲ್ಲಿ ನಡೆಯುವುದಿಲ್ಲ, ದೇಶದ ಎಲ್ಲ ಕಡೆಯವರ ಜೊತೆ ಪೈಪೋಟಿ. ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರೀಯ ವಿದ್ಯಾಲಯದ ಪ್ರಾಥಮಿಕ ಸಂಗೀತ ಶಿಕ್ಷಕರ ಮೂಲವೇತನ 35,400 ರೂಪಾಯಿಯಿಂದ, ನವೋದಯದ ಸಂಗೀತ ಶಿಕ್ಷಕರದು 44,900ರಿಂದ ಶುರು. ನವೋದಯ ವಸತಿ ಶಾಲೆ, ಮಕ್ಕಳ ಜೊತೆ ಕ್ಯಾಂಪಸ್ಸಿನಲ್ಲೇ ಇರಬೇಕು. ನಿಮ್ಮ ತಾಲ್ಲೂಕಿನ ಮುದಗಲ್‌ನಲ್ಲಿ ಒಂದಿದೆ, ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಇನ್ನೊಂದಿದೆ. ಅನುಮತಿ ಕೇಳಿ ಒಂದು ದಿನ ಹೋಗಿ ಸಂಗೀತ ತರಗತಿ ನೋಡಿ ಬನ್ನಿ. ಬುಡಕಟ್ಟು ಮಕ್ಕಳ ಏಕಲವ್ಯ ಮಾದರಿ ವಸತಿ ಶಾಲೆಗಳೂ 2023ರಲ್ಲಿ ಸಂಗೀತ ಶಿಕ್ಷಕರನ್ನು ಕರೆದಿದ್ದವು. ಕೇಂದ್ರೀಯ ವಿದ್ಯಾಲಯದಲ್ಲಿ ಹಿಂದಿ, ಇಂಗ್ಲಿಷ್ ಮಾಧ್ಯಮದಲ್ಲಿ ಪಾಠ ಮಾಡುವ ಶಕ್ತಿ ಕೇಳುತ್ತಾರೆ, ಆಯ್ಕೆ ಪರೀಕ್ಷೆಯಲ್ಲಿ ಸಂಗೀತದ ಜೊತೆ ಸಾಮಾನ್ಯ ಜ್ಞಾನ, ಕಂಪ್ಯೂಟರ್ ಕೂಡ ಇರುತ್ತದೆ. ನಮ್ಮ ಹುಡುಗರು ಸೋಲುವುದು ಹಾಡಿನಲ್ಲಲ್ಲ, ಭಾಷೆಯಲ್ಲಿ. ಬಂದಿಶ್‌ಗಳ ಮೂಲಕ ನಿಮ್ಮ ಬಾಯಿಗೆ ಹಿಂದಿ ಅಷ್ಟಿಷ್ಟು ಬಂದೇ ಇರುತ್ತದೆ, ಅದನ್ನು ಮಾತಾಡುವ ಮಟ್ಟಕ್ಕೆ ತನ್ನಿ. ನಿಯಮಗಳು ಬದಲಾಗುತ್ತಿರುತ್ತವೆ, ಪ್ರತಿ ಅಧಿಸೂಚನೆಯನ್ನೂ ಹೊಸದಾಗಿ ಓದಿ.

ಖಾಸಗಿ ಶಾಲೆಗಳು ಬಳ್ಳಾರಿ, ತೋರಣಗಲ್ಲು, ಗಂಗಾವತಿ, ಸಿಂಧನೂರು, ರಾಯಚೂರಿನಲ್ಲಿ ಸಾಕಷ್ಟಿವೆ. ಸಿಬಿಎಸ್‌ಇಯಲ್ಲಿ ಒಂಬತ್ತನೇ ತರಗತಿಯಿಂದ ಸಂಗೀತವನ್ನು ಐಚ್ಛಿಕ ವಿಷಯವಾಗಿ ಓದಲು ಅವಕಾಶವಿದೆ. ಸಂಬಳ ಶಾಲೆಯಿಂದ ಶಾಲೆಗೆ ಬಹಳ ವ್ಯತ್ಯಾಸ, ವಾರ್ಷಿಕೋತ್ಸವದ ಹಾಡು ಕುಣಿತ ಮುಗಿದ ಕೂಡಲೇ ಸಂಗೀತದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳೂ ಇವೆ. ಸೇರುವ ಮುಂಚೆ ವಾರಕ್ಕೆ ಎಷ್ಟು ಪೀರಿಯಡ್ಡು ಅಂತ ಕೇಳಿ. ವಿಶೇಷ ಚೇತನ ಮಕ್ಕಳ ಶಾಲೆಗಳನ್ನೂ ಮನಸ್ಸಿನಲ್ಲಿಡಿ. ಅಂಥ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಕರ್ನಾಟಕ ಅಥವಾ ಹಿಂದೂಸ್ತಾನಿ ಸಂಗೀತವನ್ನು ವಿಷಯವಾಗಿ ತೆಗೆದುಕೊಳ್ಳಲು ಬರುತ್ತದೆ, ಚೆನ್ನಾಗಿ ಕಲಿಸುವವರು ಮಾತ್ರ ಕಡಿಮೆ.

ಹಣದ ಅಡಚಣೆ ಇದ್ದರೆ ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. 18ರಿಂದ 25 ವಯಸ್ಸಿನವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ. ಗುರುವಿನ ಹತ್ತಿರ ಕನಿಷ್ಠ ಐದು ವರ್ಷ ಕಲಿತಿರಬೇಕು ಅನ್ನುವ ಷರತ್ತು ನಿಮಗೆ ತುಂಬಿದೆ. ಗುರುಗಳ ಪತ್ರ ಬೇಕಾಗುತ್ತದೆ.

ಆ ಪತ್ರ ಕೇಳಲು ಹೋದಾಗಲೇ ಅವರಿಗೆ ಎಲ್ಲ ಬಿಡಿಸಿ ಹೇಳಿ. ಕಾಲೇಜಿಗೆ ಸೇರುತ್ತೇನೆ, ಆದರೆ ಶನಿವಾರ ಭಾನುವಾರ ಪಾಠಕ್ಕೆ ಬರುತ್ತೇನೆ, ವಿಶಾರದ ಪ್ರಥಮಕ್ಕೆ ಈ ವರ್ಷವೇ ಕೂರುತ್ತೇನೆ ಅನ್ನಿ. ಶಿಷ್ಯೆ ಸಂಗೀತ ಬಿಟ್ಟುಬಿಡುತ್ತಾಳೇನೋ ಅನ್ನುವ ಆತಂಕಕ್ಕೇ ಅವರು ಕಾಲೇಜು ಬೇಡ ಅಂದಿರುತ್ತಾರೆ. ಮತ್ತೆ ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ನಿಮ್ಮೂರಿನ ಸರ್ಕಾರಿ ಶಾಲೆಯ ಮುಖ್ಯ ಗುರುಗಳನ್ನು ಕಂಡು, ವಾರಕ್ಕೆ ಒಂದು ದಿನ ಬೆಳಗಿನ ಪ್ರಾರ್ಥನೆ ಕಲಿಸಿಕೊಡುತ್ತೇನೆ ಅಂತ ಕೇಳಿ. ಹೋಗುವಾಗ ಅಪ್ಪನ ಹಾರ್ಮೋನಿಯಂ ಒಯ್ಯಿರಿ, ಬಿಳಿ ಎರಡರಲ್ಲಿ ಎತ್ತಿಕೊಳ್ಳಿ.